ಹನ್ನೊಂದು ಪಾಯಿಂಟ್ ರಕ್ತ

ದಡ್, ದಡ್, ಬಸ್ಸಿನ ಮುಂದಿನ ಸೀಟಿನ ತಗಡಿಗೆ ಮಗಳು ಮತ್ತೆ ಒದ್ದಳು, ಒದೆಯಲಿ, ಎಂದುಕೊಂಡಳು ಯಶೋದ, ಶಿರಾದಿಂದ ಮದಲೂರಿನವರೆಗೂ ಒದೆಯಲಿ, ಮುಂದೆ ಕೂತಾತ ತಿರುಗಿ ನೋಡಿದ, ಮಗೀನಾ ವಸಿ ಸುಮ್ನಿರ್ಸಮ್ಮ ಅಂದ, ಸುಮ್ಮನಿರಿಸುವುದೆ, ಎರಡು ವರ್ಷದ ಈ ಗಂಗು ಇಷ್ಟು ದಿನ ಸುಮ್ಮನಿದ್ದದ್ದು ಸಾಲದೆ, ಯುಗಾದಿಯ ಹೊತ್ತಿಗೆ ಹಿಂಡಿದ ಬಟ್ಟೆಯಂತೆ ಹೆಗಲ ಮೇಲೆ ಜೋತುಬಿದ್ದಿರುತ್ತಿದ್ದಳು, ಓರಗೆಯ ಮಕ್ಕಳು ಆಡುಮರಿಯ ಹಿಂದೆ ಓಡುವಾಗ ಇವಳು ಹೊಸಿಲ ಮೇಲೆ ಕೂತು ಗೋಡೆಯ ಮಣ್ಣು ಕೆರೆದು ತಿನ್ನುತ್ತಿದ್ದಳು, ಎಷ್ಟು ಒಳ್ಳೆ ಮಗು, ಹಟವೇ ಇಲ್ಲ ಎಂದು ಹಟ್ಟಿಯವರೆಲ್ಲ ಹೊಗಳಿದರು, ಯಶೋದಳೂ ಹಿಗ್ಗಿದ್ದಳು — ಹಟ ಮಾಡಲೂ ಮೈಯಲ್ಲಿ ರಕ್ತ ಬೇಕೆಂದು ಯಾರಿಗೆ ಗೊತ್ತಿತ್ತು, ಮೊದಲ ಸಲ ಲ್ಯಾಬಿನವರು ಕೊಟ್ಟ ಹಾಳೆಯಲ್ಲಿ ಎಲ್ಲವೂ ಇಂಗ್ಲಿಷು, ದಪ್ಪಗೆ ಅಚ್ಚಾದ ಒಂದೇ ಅಂಕಿ, ಏಳು, ಡಾಕ್ಟರ್ ವೇದಾವತಿ ಅದರ ಮೇಲೆ ಪೆನ್ನಿಟ್ಟು, ನೋಡಮ್ಮ, ಇದು ಹಿಮೋಗ್ಲೋಬಿನ್, ಉಸಿರಾಡಿದ ಗಾಳೀನ ಮೈಗೆಲ್ಲ ಹೊತ್ಕೊಂಡು ಹೋಗೋದು ಇದೇ, ಈ ವಯಸ್ಸಿಗೆ ಹನ್ನೊಂದಾದ್ರೂ ಇರ್ಬೇಕು, ನಿನ್ನ ಮಗಳಿಗೆ ಏಳೇ ಇದೆ, ರಕ್ತದ ಕಣಗಳೂ ಸಣ್ಣಗಿವೆ, ಕಬ್ಬಿಣದಂಶ ಸಾಲದಿದ್ರೆ ಹಿಂಗಾಗುತ್ತೆ, ವಂಶದಲ್ಲಿ ಬರೋ ತೊಂದರೆ ಇದ್ರೂ ಆಗುತ್ತೆ, ನಿಮ್ಮದು ಸಂಬಂಧದೊಳಗಿನ ಮದುವೇನಾ, ಹೂಂ ಮೇಡಂ, ಸೋದರಮಾವ, ಅಮ್ಮನ ತಮ್ಮ ಎಂದಳು ಯಶೋದ — ಅಂದರೆ ನಾವೇ, ನಮ್ಮಿಬ್ಬರ ರಕ್ತವೇ ಮಗುವಿನ ರಕ್ತ ಕೆಡಿಸಿತೆ, ಆ ಮಾತನ್ನು ಗಂಡ ರಾಮಾಂಜನೇಯನಿಗೂ ಹೇಳದೆ ಒಳಗೇ ಇಟ್ಟುಕೊಂಡಳು, ಮೊದ್ಲು ಕಬ್ಬಿಣದ ಸಿರಪ್ ಕೊಟ್ಟು ನೋಡೋಣ ಎಂದರು ಡಾಕ್ಟರು, ರಕ್ತ ಏರಿದ್ರೆ ಕಬ್ಬಿಣದ್ದೇ ಕೊರತೆ, ಏರದಿದ್ರೆ ಮುಂದಿನ ಪರೀಕ್ಷೆ, ಏನು ತಿನ್ನಿಸ್ತೀಯ ಮಗೂಗೆ, ಹಾಲು ಮೇಡಂ, ದಿನವೆಲ್ಲ ಬರೀ ಹಾಲು, ಬಾಟ್ಲಿ ಬಾಯಿಂದ ತೆಗೆಯೋದೇ ಇಲ್ಲ, ಡಾಕ್ಟರು ಪೆನ್ನು ಕೆಳಗಿಟ್ಟರು, ಹಾಲಲ್ಲಿ ಕಬ್ಬಿಣ ಇಲ್ಲವೇ ಇಲ್ಲ ಅನ್ನಬೇಕು ಕಣಮ್ಮ, ಹೊಟ್ಟೆ ತುಂಬಿಸಿ ಊಟಕ್ಕೆ ಜಾಗಾನೇ ಬಿಡಲ್ಲ, ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿ ತಿನ್ನಿಸು, ಕಬ್ಬಿಣ ಮೈಗೆ ಹತ್ತುತ್ತೆ, ಹಾಲು ಕಡಿಮೆ ಮಾಡು.

ಕಡಿಮೆ ಮಾಡು ಎನ್ನುವುದು ಸುಲಭ, ಕ್ಯಾತಮ್ಮನಿಗೆ ಹೇಳುವವರು ಯಾರು, ಗಂಡನ ತಾಯಿ, ತನ್ನ ತಾಯಿಗೂ ತಾಯಿ, ಅತ್ತೆ ಅನ್ನಲು ಬಾಯಿ ಬಾರದೆ ಇವತ್ತಿಗೂ ಅಜ್ಜಿ ಎಂದೇ ಕರೆಯುವ ಮುದುಕಿ, ಹಸು ಕಟ್ಟಿ ಮನೆ ಸಾಕಿದವಳು, ನಿಮ್ಮವ್ವ, ನಿನ್ ಗಂಡ, ನೀನು, ಎಲ್ಲಾ ನಾನ್ ಕರೆದ ಹಾಲಲ್ಲೇ ಬೆಳ್ದಿದ್ದು, ಆ ಡಾಕ್ಟ್ರಮ್ಮ ಹಾಲ್ನೇ ಇಸ ಅಂದ್ಬುಟ್ಳಾ, ಇಸ ಅಲ್ಲ ಅಜ್ಜಿ, ಅತಿ ಆಯ್ತು, ನಾವು ಹಾಲಿನ ಜತೆ ಮುದ್ದೇನೂ ಉಂಡ್ವಿ, ಇದು ಏನ್ ಉಂಡೈತೆ ಹೇಳು — ಹುಟ್ಟಿದ ಮೇಲೆ ಅಜ್ಜಿಗೆ ಎದುರಾಡಿದ್ದು ಅದೇ ಮೊದಲು, ಬಾಟಲಿಯನ್ನು ತಿಪ್ಪೆಗೆ ಎಸೆದದ್ದೂ ಆವತ್ತೇ, ಗಂಗು ಅತ್ತೂ ಅತ್ತೂ ಬಿಕ್ಕಿದಳು, ಕ್ಯಾತಮ್ಮ ಮುಖ ತಿರುಗಿಸಿಕೊಂಡು ಕೊಟ್ಟಿಗೆ ಸೇರಿದಳು, ಸಿರಪ್ಪು ಕುಡಿಸಿದರೆ ಉಗುಳುವುದು, ಕಕ್ಕ ಕರ್ರಗಾಯಿತೆಂದು ರಾಮಾಂಜನೇಯ ಗಾಬರಿಯಾಗುವುದು, ಔಸ್ದಿಗೆ ಅಂಗಾಯ್ತದಂತೆ ಮಾವ, ಹೆದರ್ಬ್ಯಾಡ, ಮತ್ತೆ ಒಂದು ಬೆಳಗ್ಗೆ, ಯಾರೂ ಕೇಳಿಕೊಳ್ಳದೆ, ಕ್ಯಾತಮ್ಮ ನುಗ್ಗೆಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿ, ಆಸ್ಪತ್ರೆಯಲ್ಲಿ ಹೇಳಿದ ಹಾಗೆಯೇ, ಮುದ್ದೆಯ ಚೂರು ಅದ್ದಿಕೊಂಡು, ಬಾ ನನ್ ಕಂದ ಎಂದು ಗಂಗುವನ್ನು ತೊಡೆಗೆಳೆದುಕೊಂಡಳು, ಅಂದರೆ ಕೋಪದಲ್ಲೂ ಎಲ್ಲ ಕೇಳಿಸಿಕೊಂಡಿದ್ದಳು, ಇವತ್ತು ಶಿರಾದಲ್ಲಿ ಮತ್ತೆ ರಕ್ತ ಪರೀಕ್ಷೆ ಮಾಡಿಸಿ ಹಾಳೆ ಕೈಗೆ ಬಂದಾಗ ಯಶೋದ ಯಾರನ್ನೂ ಕೇಳಲಿಲ್ಲ, ಆ ಸಾಲಿಗೆ ತಾನೇ ಬೆರಳಿಟ್ಟಳು, ಹನ್ನೊಂದು ಪಾಯಿಂಟ್ ಎರಡು, ಏರಿದೆ, ಏರಿದೆ ಅಂದರೆ ಕಬ್ಬಿಣದ್ದೇ, ವಂಶದ್ದಲ್ಲ, ನಮ್ಮಿಬ್ಬರದ್ದಲ್ಲ, ಸರಿಯಾಗೇ ಓದ್ದೆ ಎಂದು ಡಾಕ್ಟರು ನಕ್ಕರು, ಸಿರಪ್ ಮಾತ್ರ ಈಗಲೇ ನಿಲ್ಲಿಸ್ಬೇಡ, ಇಲ್ಲ ಮೇಡಂ, ನಿಲ್ಲಿಸುವುದಿಲ್ಲ, ಹೋ, ಬಸ್ಸಿನ ಕಿಟಕಿಯಾಚೆ ಊರ ಕೆರೆಯ ಏರಿ ಬಂದೇಬಿಟ್ಟಿತು, ಮದಲೂರು, ಬಸ್ಸು ಇಳಿದರೆ ಕ್ಯಾತಮ್ಮನೇ ಎದುರಿಗೆ ನಿಂತಿದ್ದಾಳೆ, ಸೆರಗಿನ ಗಂಟಿನಲ್ಲಿ ಬೇಯಿಸಿದ ಮೊಟ್ಟೆ, ಎಷ್ಟೈತೆ ಕಣೇ ರಕ್ತ, ಹನ್ನೊಂದು ಅಜ್ಜಿ, ಹನ್ನೊಂದರ ಮೇಲೈತೆ, ಮುದುಕಿ ಮೊಟ್ಟೆ ಸುಲಿದು ಮಗುವಿನ ಬಾಯಿಗೆ ಹಿಡಿದಳು, ಗಂಗು ಮೊಟ್ಟೆಯ ಜತೆ ಬೆರಳನ್ನೂ ಕಚ್ಚಿದಳು, ಬಲವಾಗಿ, ಬಿಡದೆ, ಕ್ಯಾತಮ್ಮ ಬಯ್ಯಲಿಲ್ಲ, ಬೆರಳು ಬಿಡಿಸಿಕೊಂಡು ಬಸ್ಸಿಳಿದವರಿಗೆಲ್ಲ ಎತ್ತಿ ತೋರಿಸುತ್ತಾಳೆ, ನೋಡ್ರಪ್ಪಾ ನನ್ ಮೊಮ್ಮಗಳು ಹೆಂಗ್ ಕಚ್ಚವ್ಳೆ, ಮಾವನಿಗೆ ಫೋನು ಮಾಡಬೇಕು, ಹನ್ನೊಂದು ಅನ್ನಬೇಕು, ಇಷ್ಟು ದಿನ ಹೇಳದೆ ಇಟ್ಟುಕೊಂಡದ್ದನ್ನೂ ನಗುತ್ತಲೇ ಹೇಳಿಬಿಡಬೇಕು, ಆಮೇಲೆ — ಆಮೇಲೇನು, ಮುಂದಕ್ಕೇನೂ ಹೊಳೆಯದು, ಬಿಸಿಲಿಗೆ ಎತ್ತಿ ಹಿಡಿದ ಆ ಸುಕ್ಕು ಬೆರಳು, ಅದರ ಮೇಲೆ ಸಾಲಾಗಿ ನಾಲ್ಕು ಹಲ್ಲಿನ ಗುರುತು, ಕೆಂಪಗೆ, ನಾಲ್ಕು ಪುಟ್ಟ ಹಲ್ಲಿನ ಗುರುತು.