ಮೋಹನನ ಗಂಟಲು

ತಲೆ ನಿಲ್ಲುತ್ತಿರಲಿಲ್ಲ. ನೆಟ್ಟಗೆ ಕೂರಿಸಿ ಕೈ ಬಿಟ್ಟರೆ ಎಡಕ್ಕೆ ವಾಲುತ್ತಿತ್ತು. ಎಡಕ್ಕೊಂದು ದಿಂಬು ಕೊಟ್ಟರೆ, ಕಾಲ ಬಳಿ ಏನೋ ಬಿದ್ದಿದೆಯೆಂದು ಹುಡುಕುವವನ ಹಾಗೆ ಮುಂದಕ್ಕೆ ಬಗ್ಗುತ್ತಿತ್ತು.

"ಹಣೆಗೊಂದು ಪಟ್ಟಿ ಬಿಗಿದು ಗೋಡೆ ಮೊಳೆಗೆ ಕಟ್ರಪ್ಪ," ಎಂದರು ಅಡವಿಯಪ್ಪ. ಸತ್ತವನ ಸೋದರಮಾವ, ಅಮೃತೂರಿನಿಂದ ಮೊದಲನೇ ಬಸ್ಸಿಗೇ ಬಂದಿದ್ದರು.

"ಬ್ಯಾಡಿ ಸ್ವಾಮಿ, ಮೊಳೆಗೆ ಕಟ್ಟಿದ್ರೆ ಕ್ಯಾಲೆಂಡರ್ ಥರ ಕಾಣ್ತಾನೆ," ಎಂದ ಏಜಾಜ್ ಅಹಮದ್. ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ವಾಚ್ ರಿಪೇರಿ ಮಾಡುವವನು, ಸತ್ತವನಿಗೆ ಇಪ್ಪತ್ತು ವರ್ಷದಿಂದ ಗೆಳೆಯ. ಯಾರೂ ನಗಲಿಲ್ಲ. ಈ ಮಾತಿಗೆ ನಗಬೇಕಾಗಿದ್ದವನು ಕುರ್ಚಿಯಲ್ಲಿದ್ದ.

"ನಾನು ಹಿಡ್ಕೋತೀನಿ," ಎಂದಳು ನಂದಿತಾ. ಕುರ್ಚಿಯ ಹಿಂದೆ ಸ್ಟೂಲು ಹಾಕಿಕೊಂಡು ನಿಂತು, ಅಪ್ಪನ ತಲೆಯನ್ನು ಎರಡು ಅಂಗೈಗಳ ನಡುವೆ ಇಟ್ಟುಕೊಂಡಳು. ನಿನ್ನೆ ಬೆಳಿಗ್ಗೆ ಹಚ್ಚಿದ ಕೊಬ್ಬರಿ ಎಣ್ಣೆ ಕೂದಲಲ್ಲಿ ಇನ್ನೂ ಜಿಡ್ಡಾಗಿತ್ತು.

ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸುತ್ತಾರೆ, ಮಣ್ಣಿನೊಳಗೂ ಕೂತೇ ಇರುತ್ತಾರೆ. ಹೊಸ ಪಂಚೆ, ಕೊರಳಲ್ಲಿ ಲಿಂಗ, ಹೆಗಲ ಮೇಲೆ ಸೇವಂತಿಗೆ ಹಾರ. ಅಂಗಳದ ಶಾಮಿಯಾನದ ಕೆಳಗೆ ಚನ್ನವೀರಯ್ಯ ಬಸ್ಸಿಗೆ ಕಾಯುವವನಂತೆ ಕೂತಿದ್ದ. ಬದುಕಿದ್ದಾಗ ಬಸ್ಸುಗಳೇ ಇವನಿಗೆ ಕಾಯುತ್ತಿದ್ದವು. ಪ್ರೈವೇಟ್ ಬಸ್ಸುಗಳ ಏಜೆಂಟು. "ನಿಟ್ಟೂರ್ ನಿಟ್ಟೂರ್, ತಿಪ್ಟೂರ್ ತಿಪ್ಟೂರ್, ಯಾರ್ರೀ ತಿಪ್ಟೂರ್?" ಎಂದು ಇವನು ಕೂಗಿ ಮುಗಿಸದೆ ಡ್ರೈವರು ಗೇರು ಹಾಕುತ್ತಿರಲಿಲ್ಲ. ನಿನ್ನೆ ಮಧ್ಯಾಹ್ನ ಹನ್ನೆರಡಕ್ಕೆ 'ತಿಪ್' ಎಂದ ಬಾಯಿಂದ 'ಟೂರ್' ಬರಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತ. ಅಷ್ಟೆ.

ಹೆಂಡತಿ ಪಾರ್ವತಮ್ಮ ಒಳಗಿನಿಂದ ಬಂದಳು. ಸೆರಗಿಗೆ ಸಕ್ಕರೆ ನೀರು ಚೆಲ್ಲಿತ್ತು.

"ಹಲ್ಲು ಕಚ್ಕೊಂಡವ್ಳೆ. ನೀರು ಹಾಕುದ್ರೆ ಉಗೀತಾಳೆ. ನಿನ್ನೆ ಮಧ್ಯಾಹ್ನದಿಂದ ಒಂದಗಳು ಒಳಕ್ಕೆ ಹೋಗಿಲ್ಲ. 'ಮೋಹನ ಕರೀಲಿ, ಉಣ್ತೀನಿ' ಅಂತಾಳೆ."

ಒಳಗಿದ್ದದ್ದು ಚನ್ನವೀರಯ್ಯನ ತಾಯಿ ಸಿದ್ದಗಂಗಮ್ಮ. ಎಪ್ಪತ್ತೆಂಟು ವರ್ಷ, ಸಕ್ಕರೆ ಕಾಯಿಲೆ. ಹೊಟ್ಟೆ ಖಾಲಿ ಬಿಟ್ಟರೆ ಸಕ್ಕರೆ ಇಳಿದು ಕೈಗೆ ಸಿಗುವುದಿಲ್ಲ ಎಂದು ಡಾಕ್ಟರು ಬರೆದೇ ಕೊಟ್ಟಿದ್ದರು.

ಮೋಹನನ ಹೆಸರು ಕೇಳಿ ಎಲ್ಲರೂ ಹೆಣದ ಬಾಯಿ ನೋಡಿದರು.

*

ಮೋಹನ್‌ಕುಮಾರ್ ಚನ್ನವೀರಯ್ಯನ ತಮ್ಮ. ತೊಂಬತ್ತಾರರಲ್ಲಿ ಕಾಮಾಲೆಯಾಗಿ ತುಮಕೂರಿನ ಆಸ್ಪತ್ರೆಯಲ್ಲಿ ಹೋದ. ಇಪ್ಪತ್ತಾರು ವರ್ಷ. ತಾಯಿ ಊಟ ಬಿಟ್ಟಳು. ಐದನೇ ದಿನ ನಾಲಿಗೆ ಒಣಗಿ ಬಿಳಿಚಿಕೊಂಡಾಗ ಚನ್ನವೀರಯ್ಯನಿಗೆ ಬೇರೇನೂ ತೋಚಲಿಲ್ಲ. ತುಮಕೂರಿನ ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕೆಮ್ಮನ್ನು ಪ್ರಿನ್ಸಿಪಾಲರಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದವನು. ತಮ್ಮನ ಗಂಟಲು ಇನ್ನೂ ಸುಲಭ. ತೆಳ್ಳಗೆ, ಸ್ವಲ್ಪ ಮೂಗಿನಲ್ಲಿ. ಬಾಗಿಲ ಮರೆಯಲ್ಲಿ ನಿಂತು ಕರೆದ.

"ಅಮ್ಮಾ, ಉಣ್ಣಮ್ಮ. ಬಸ್ಸಿಗೆ ಟೈಮಾಯ್ತು."

ಮುದುಕಿ ಎದ್ದು ಕೂತು ಅರ್ಧ ಮುದ್ದೆ ಉಂಡಳು.

"ಇವತ್ತೊಂದು ಹೊತ್ತು ಕಣೇ," ಎಂದು ಹೆಂಡತಿಗೆ ಹೇಳಿದ. ಆ ಒಂದು ಹೊತ್ತು ಒಂಬತ್ತು ವರ್ಷ ನಡೆಯಿತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಏಳಕ್ಕೆ ಸೈಕಲ್ ತುಳಿದು ಬಂದು ತಮ್ಮನಾಗುತ್ತಿದ್ದ. ತಾಯಿ ಉಂಡ ಮೇಲೆ ಮತ್ತೆ ತಿಪಟೂರಾಗುತ್ತಿದ್ದ.

ಆ ನಡುವೆಯೇ ಮುದುಕಿಗೆ ಮರೆವು ಹತ್ತಿತು. ಮರೆವು ಮನೆಯಲ್ಲಿ ಒಬ್ಬೊಬ್ಬರನ್ನೇ ಒರೆಸುತ್ತ ಬಂತು. ಬಾಗಿಲ ಮರೆ ಬೇಕಾಗಲಿಲ್ಲ. ಎದುರಿಗೆ ಕೂತೇ ಮೋಹನನಾಗಬಹುದಿತ್ತು. ಒಂದು ಮಧ್ಯಾಹ್ನ ಅವಳು ತುತ್ತು ಕೈಯಲ್ಲೇ ಹಿಡಿದು ಕೇಳಿದಳು.

"ಮೋಹನ, ನಿಮ್ಮಣ್ಣ ಚನ್ನ ಸತ್ತಾಗ ನೀನು ಒಂದ್ ಹನಿ ಕಣ್ಣೀರು ಹಾಕ್ಲಿಲ್ಲ ಕಣೋ."

ಚನ್ನವೀರಯ್ಯ ತಟ್ಟೆಯನ್ನು ಅವಳ ಹತ್ತಿರಕ್ಕೆ ಸರಿಸಿದ.

"ಅಳು. ನನ್ನೆದುರಿಗೆ ಅಳು. ಆಮೇಲೆ ಉಣ್ತೀನಿ."

ಮೋಹನ ಅತ್ತದ್ದನ್ನು ಯಾರೂ ಕೇಳಿರಲಿಲ್ಲ. ನಕಲು ಮಾಡಲು ಅಸಲೇ ಇರಲಿಲ್ಲ. ಆದರೂ ಚನ್ನವೀರಯ್ಯ ಅತ್ತ. ತೆಳ್ಳಗೆ, ಮೂಗಿನಲ್ಲಿ, "ಅಣ್ಣಾ ಅಣ್ಣಾ" ಎಂದು ತನಗಾಗಿ ತಾನೇ. ಹದಿನಾಲ್ಕು ವರ್ಷದ ನಂದಿತಾ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಮುದುಕಿ ಉಂಡಳು. ಅವನು ಹಿತ್ತಿಲಿಗೆ ಬಂದು ಮುಖ ತೊಳೆದು, ಪಾರ್ವತಮ್ಮನ ಕಡೆ ತಿರುಗಿ, "ಚೆನ್ನಾಗಿ ಬಂತಾ?" ಎಂದ.

ಗಂಟಲು ಮೋಹನನದೇ ಇತ್ತು.

*

"ತುಮಕೂರಲ್ಲಿ ಶಿರಾ ಗೇಟ್ ಹತ್ರ ಒಬ್ರು ಡಾಕ್ಟ್ರು, ಹೋದ್ ವರ್ಷದ ಮಾತು," ಎಂದ ಏಜಾಜ್, ಅಡವಿಯಪ್ಪನ ಪಕ್ಕ ಕುಕ್ಕರುಗಾಲಲ್ಲಿ ಕೂತು. "ತಾಯೀನ ನೋಡಿ ಮಾತ್ರೆ ಬರೆದ್ರು. ಆಮೇಲೆ ಇವನ್ನ ಕೇಳಿದ್ರಂತೆ, ನಿಮಗೆ ನಿದ್ದೆ ಬರುತ್ತಾ ಅಂತ. ಇವನು ಯಾರನ್ನ ಕೇಳ್ತಾವ್ರೆ ಅಂತ ಹಿಂದಕ್ಕೆ ತಿರುಗಿ ನೋಡಿದ್ನಂತೆ."

"ಏನಂದ್ನಂತೆ?"

"ನಿಮ್ಮ ಸ್ವಂತ ದನೀಲಿ ಹೇಳ್ರಿ ಅಂದ್ರಂತೆ ಡಾಕ್ಟ್ರು. 'ಮೂರು ಸಲ ಗಂಟ್ಲು ಕ್ಯಾಕರಿಸ್ದೆ ಏಜಾಜು, ತಿಪ್ಟೂರ್ ಬಿಟ್ರೆ ಏನೂ ಬರ್ಲಿಲ್ಲ ಕಣೋ' ಅಂದ ನಂಗೆ. ಹೇಳಿ ನಕ್ಕ. ನಾನೂ ನಕ್ಕೆ." ಏಜಾಜ್ ತನ್ನ ಕೈಗಡಿಯಾರವನ್ನು ನೋಡಿಕೊಂಡ. "ನಗಬಾರ್ದಿತ್ತು."

ಅಡವಿಯಪ್ಪ ಎದ್ದರು. "ಅಕ್ಕನ್ನ ಕರ್ಕೊಂಡ್ ಬನ್ನಿ. ಹೆತ್ತ ಕೈ ವಿಭೂತಿ ಬೀಳ್ದೆ ವಿಮಾನ ಎತ್ತಂಗಿಲ್ಲ."

ಹೆಣ ಕೂರಿಸಿ ಹೊರಲು ಬಾಳೆಕಂದು ಕಟ್ಟಿದ ಬಿದಿರಿನ ವಿಮಾನ ಬೀದಿಯಲ್ಲಿ ಸಿದ್ಧವಾಗಿತ್ತು.

"ಬೇಡ ತಾತ," ಎಂದಳು ನಂದಿತಾ. "ಅಜ್ಜಿಗೆ ಗೊತ್ತಾದ್ರೆ ಇಬ್ರೂ ಮಕ್ಕಳು ಒಂದೇ ದಿನ ಸಾಯ್ತಾರೆ."

"ಸಾಯ್ಲಿ!" ಎಂದಳು ಪಾರ್ವತಮ್ಮ. "ಒಂಬತ್ತು ವರ್ಷ ಸತ್ತೋನ ಜೊತೆ ಸಂಸಾರ ಮಾಡಿದೀನಿ. ಇವತ್ತೊಂದು ದಿನ ಇವ್ರು ಚನ್ನವೀರಯ್ಯ ಆಗಿ ಹೋಗ್ಲಿ." ಮಗಳ ಹತ್ತಿರ ಬಂದು ದನಿ ತಗ್ಗಿಸಿದಳು. "ನೀನು ಬಾಯಿ ಬಿಟ್ಟೀಯ, ಹುಷಾರು. ಒಂದ್ಸಲ ಬಿಟ್ರೆ ಮುಗೀತು. ಸೋಮವಾರ ಪರೀಕ್ಷೆ ಐತೆ ನಿಂಗೆ. ನಾಳೆ ಮೊದಲ್ನೇ ಬಸ್ಸಿಗೆ ತುಮಕೂರಿಗೆ ಹೋಗ್ತಾ ಇರು."

ಕಳೆದ ಮಳೆಗಾಲದಲ್ಲಿ ಅಪ್ಪ ಜ್ವರದಿಂದ ಮಲಗಿದ್ದಾಗ ನಂದಿತಾ ಒಂದು ಹೊತ್ತು ಮೋಹನನ ದನಿಯಲ್ಲಿ ಕರೆದು ನೋಡಿದ್ದಳು. ಅಜ್ಜಿ ತಟ್ಟೆ ಖಾಲಿ ಮಾಡಿದ್ದಳು. ಪಾರ್ವತಮ್ಮ ಕೆನ್ನೆಗೆ ಹೊಡೆದಿದ್ದಳು. ಚಿಕ್ಕಪ್ಪನ ಗಂಟಲು ನಂದಿತಾಗೆ ನೆನಪೇ ಇರಲಿಲ್ಲ. ಅವಳಿಗೆ ಗೊತ್ತಿದ್ದ ಮೋಹನ ಅಪ್ಪನ ಬಾಯಲ್ಲಿದ್ದವನು.

ಇಬ್ಬರು ಹೆಂಗಸರು ಸಿದ್ದಗಂಗಮ್ಮನನ್ನು ಎತ್ತಿ ತಂದು ಕುರ್ಚಿಯ ಎದುರು ಚಾಪೆಯ ಮೇಲೆ ಕೂರಿಸಿದರು. ಹಣೆಯಲ್ಲಿ ಬೆವರು. ಕುರ್ಚಿಯಲ್ಲಿದ್ದವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಯಾರಿದು?"

"ಚನ್ನ ಕಣಕ್ಕ," ಎಂದರು ಅಡವಿಯಪ್ಪ. "ನಿನ್ ಹಿರೀಮಗ. ಹೋಗ್ಬುಟ್ಟ."

"ಚನ್ನ ಆಗ್ಲೇ ಹೋದ್ನಲ್ಲ." ಮುದುಕಿಗೆ ಸಿಟ್ಟು ಬಂತು. "ಎಷ್ಟ್ ಸಲ ಹೂಳ್ತೀರ ಅವನ್ನ?"

ಏಜಾಜ್ ಹೋಟೆಲಿಂದ ತಂದ ಇಡ್ಲಿಯನ್ನು ಪಕ್ಕದ ಮನೆಯ ಚಿಕ್ಕಮಾರಮ್ಮ ತಟ್ಟೆಗೆ ಹಾಕಿ ಮುಂದಿಟ್ಟಳು. ಸಿದ್ದಗಂಗಮ್ಮ ತಟ್ಟೆ ನೋಡಲಿಲ್ಲ. ಮಗನ ಮುಖವನ್ನೇ ನೋಡುತ್ತ, "ಕರಿಯೋ ಮೋಹನ. ಹಸಿವಾಗೈತೆ," ಎಂದಳು. ಬಾಯಿ ತೆರೆದಳು. ಹಾಗೇ ಕಾದಳು.

ಭಜನೆಯವರ ತಾಳ ನಿಂತಿತು. ಶಾಮಿಯಾನದ ಕೆಳಗಿದ್ದ ಅರವತ್ತು ಜನ ಹೆಣದ ತುಟಿಗಳನ್ನೇ ನೋಡಿದರು. ಏಜಾಜನ ಕೈಗಡಿಯಾರ ಕೇಳಿಸುತ್ತಿತ್ತು. ಮುದುಕಿಯ ಕಣ್ಣು ಮೇಲಕ್ಕೆ ಸರಿಯತೊಡಗಿತು.

"ಸಕ್ಕರೆ ಇಳೀತೈತೆ ಮಗಾ," ಎಂದು ಅಡವಿಯಪ್ಪ ಯಾರಿಗೋ ಪಿಸುಗುಟ್ಟಿದರು.

ಪಾರ್ವತಮ್ಮ ದೂರದಿಂದ ಮಗಳ ಕಡೆ ತಲೆಯಾಡಿಸಿದಳು. ಬೇಡ.

ನಂದಿತಾಳ ಅಂಗೈಯೊಳಗೆ ಅಪ್ಪನ ದವಡೆ ತಣ್ಣಗಿತ್ತು. ಅವಳು ಅವನ ತಲೆಯ ಹಿಂದಕ್ಕೆ ಮುಖ ತಗ್ಗಿಸಿದಳು.

"ಅಮ್ಮಾ."

ತೆಳ್ಳಗೆ, ಮೂಗಿನಲ್ಲಿ.

"ಉಣ್ಣಮ್ಮ. ಬಸ್ಸಿಗೆ ಟೈಮಾಯ್ತು."

ಚಿಕ್ಕಮಾರಮ್ಮ ಚೀರಿ, ಚಪ್ಪಲಿ ಬಿಟ್ಟು ಬೀದಿಗೆ ಓಡಿದಳು. ಭಜನೆಯವನ ಕೈಯಿಂದ ತಾಳ ಜಾರಿ ಕಲ್ಲಿನ ಮೇಲೆ ಬಿತ್ತು. ಅಡವಿಯಪ್ಪ ಕೈಮುಗಿದುಕೊಂಡೇ ಎರಡು ಹೆಜ್ಜೆ ಹಿಂದೆ ಸರಿದರು. ಯಾರು ಕರೆದರೆಂದು ಏಜಾಜನಿಗೆ ಗೊತ್ತಿತ್ತು. ಆದರೂ ಅವನು ನೋಡುತ್ತಿದ್ದದ್ದು ಗೆಳೆಯನ ತುಟಿಯನ್ನೇ.

ಸಿದ್ದಗಂಗಮ್ಮ ಎರಡು ಇಡ್ಲಿ ತಿಂದಳು. ಕೈ ತೊಳೆದು, ವಿಭೂತಿ ತೆಗೆದುಕೊಂಡು ಚನ್ನವೀರಯ್ಯನ ಹಣೆಗೆ ಮೂರು ಬೆರಳು ಎಳೆದಳು. ಆಮೇಲೆ ಲೋಟಕ್ಕೆ ಬೆರಳದ್ದಿ ಅವನ ತುಟಿ ಒದ್ದೆ ಮಾಡಿದಳು.

"ಗಂಟ್ಲು ಒಣಗೈತೆ ಪಾಪ," ಎಂದಳು. "ಎಷ್ಟ್ ಕೂಗ್ತಾನೆ."

ಪಾರ್ವತಮ್ಮ ಸೆರಗು ಬಾಯಿಗೆ ತುರುಕಿಕೊಂಡು ಕಂಬಕ್ಕೆ ಒರಗಿದಳು. ಮಗಳ ಮುಖ ನೋಡಲಿಲ್ಲ.

*

ವಿಮಾನ ಬಸ್‌ಸ್ಟ್ಯಾಂಡಿನ ಮುಂದೆ ಹೋಗುವಾಗ ಡ್ರೈವರುಗಳು ಇಂಜಿನ್ ಆಫ್ ಮಾಡಿ ಕೆಳಗಿಳಿದು ನಿಂತರು. ತಿಪಟೂರಿಗೆ ಕಾಯುತ್ತಿದ್ದವರಿಗೆ ಯಾವ ಬಸ್ಸು ಹತ್ತಬೇಕೆಂದು ಯಾರೂ ಹೇಳಲಿಲ್ಲ.

ಮಣ್ಣು ಮುಗಿಸಿ ಬಂದು ಎಲ್ಲರೂ ಸ್ನಾನ ಮಾಡಿದ ಮೇಲೆ ಅಂಗಳ ಖಾಲಿಯಾಯಿತು. ಕುರ್ಚಿಯನ್ನು ಒಳಗೆ ತಂದು, ಅದರ ಮೇಲೆ ಚನ್ನವೀರಯ್ಯ ಬಸ್ಸು ಬಿಡಿಸುವಾಗ ಊದುತ್ತಿದ್ದ ವಿಸಿಲ್ಲು ಇಟ್ಟು, ಮುಂದೆ ದೀಪ ಹಚ್ಚಿದರು. ಏಜಾಜ್ ಹೊರಡುವ ಮುಂಚೆ, "ಆರೂವರೆ ಬಸ್ಸಲ್ಲಿ ಸೀಟ್ ಹಿಡಿದಿಡಕ್ಕೆ ಹೇಳಿದೀನಿ ಮಗಾ, ಓದೋದನ್ನ ಬಿಡ್ಬೇಡ," ಎಂದ. ನಂದಿತಾ ತಲೆಯಾಡಿಸಿದಳು. ಮಧ್ಯಾಹ್ನದಿಂದ ಅವಳು ಯಾರೊಡನೆಯೂ ಮಾತಾಡಿರಲಿಲ್ಲ. ಬಾಯಿ ತೆರೆದರೆ ಯಾವುದು ಬರುತ್ತದೋ ಗೊತ್ತಿರಲಿಲ್ಲ.

ಬ್ಯಾಗಿಗೆ ಪುಸ್ತಕ ತುಂಬಿ ಜಿಪ್ಪು ಎಳೆಯುವಾಗ ಗೋಡೆಯ ಗಡಿಯಾರ ಏಳು ಹೊಡೆಯಿತು.

ಪಾರ್ವತಮ್ಮ ಅತ್ತೆಯ ಮುಂದೆ ತಟ್ಟೆ ಇಟ್ಟು ಅಡುಗೆಮನೆಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡಳು. ನಂದಿತಾ ಬ್ಯಾಗಿನ ಪಕ್ಕ ತುಟಿ ಬಿಗಿದು ನಿಂತಳು.

ಸಿದ್ದಗಂಗಮ್ಮನ ಬಾಯಿ ತೆರೆದಿತ್ತು. ಮುಖ ಮಾತ್ರ ಕುರ್ಚಿಯ ಕಡೆ ಇರಲಿಲ್ಲ, ಬ್ಯಾಗಿನ ಕಡೆ ಇತ್ತು.