ಸಾರಿನ ಮೇಲಿನ ತಟ್ಟೆ

ಸೊಸೆ ಮೋಕ್ಷಿತಾ ಮೀನುಸಾರಿನ ಪಾತ್ರೆಗೆ ಹೊಸ ಸಿಲಿಕೋನ್ ಮುಚ್ಚಳ ಎಳೆದು ಕೂರಿಸಿದಳು. "ಕಾಣಿ ಅತ್ತೆ, ಮಗುಚಿರೂ ಚೆಲ್ಲುದಿಲ್ಲ."

ಅತ್ತೆ ಪದ್ದು ಅದನ್ನು ತೆಗೆದಳು, ಹಾಕಿದಳು. ಚೂರೂ ಸದ್ದಿಲ್ಲ.

ಅವಳ ಗಂಡ ದೇವು ಬೋಟಿಗೆ ಹೋಗಿ ಇವತ್ತಿಗೆ ಹನ್ನೊಂದು ದಿನ. ಕಡಲಿಂದ ಬಂದವನು ಯಾರನ್ನೂ ಕರೆಯುವುದಿಲ್ಲ. ನೇರ ಅಡುಗೆಮನೆಗೆ ಹೋಗಿ ಪಾತ್ರೆಯ ಮೇಲಿನ ಸ್ಟೀಲ್ ತಟ್ಟೆ ಸರಿಸುತ್ತಾನೆ. ಹಿತ್ತಲಲ್ಲಿ ಮೀನು ಒಣಗಿಸುವ ಪದ್ದುವಿಗೆ ಆ ಸದ್ದು ಕೇಳಿದರೆ ಹೋದ ಜೀವ ಬಂದಂತೆ.

"ಚಂದ ಇತ್ತ್, ಹೆಣೆ. ಮೊಸ್ರಿಗ್ ಹಾಕ್," ಎಂದಳು ಸೊಸೆಗೆ.

"ಸಾರಿಗೆ ಬ್ಯಾಡ್ದಾ?"

"ಅದಕ್ಕ್ ತಟ್ಟೆಯೇ ಇರ್ಲಿ. ನಿನ್ ಮಾವ ಬಂದದ್ ನಂಗ್ ಗೊತ್ತಾಗ್ಬೇಕ್."

ತಟ್ಟೆಯನ್ನು ತುಸು ಓರೆಯಾಗಿ ಮುಚ್ಚಿ, ಹಿತ್ತಲಲ್ಲಿ ಮೀನು ಒಣಹಾಕಿದ್ದ ಚಾಪೆಯನ್ನು ಅಡುಗೆಮನೆಯ ಬಾಗಿಲ ಹತ್ತಿರಕ್ಕೇ ಎಳೆದು ಕುಳಿತಳು.