ಬೆಳ್ಳಯ್ಯ ಹೇಳಿದ ಲೆಕ್ಕ

ಮಹದೇವಪ್ರಸಾದನಿಗೂ ನನಗೂ ಮಾತಿಲ್ಲ. ನನ್ನ ಸೆಮಿನಾರಿನಲ್ಲಿ ಎಲ್ಲರೆದುರು ಎದ್ದು ನಿಂತು, "ಇದರಲ್ಲಿ ಹೊಸದೇನಿದೆ, ಪವಿತ್ರ?" ಎಂದು ಕೇಳಿದವನು ಅವನು. ಅವತ್ತಿನಿಂದ ಅವನ ಮುಖ ಕಂಡರೆ ಮೈ ಉರಿಯುತ್ತದೆ.

ಇಬ್ಬರದೂ ಪಿಎಚ್‌ಡಿ, ಇಬ್ಬರ ಕೆಲಸವೂ ಬಿಳಿಗಿರಿರಂಗನ ಬೆಟ್ಟದಲ್ಲಿ. ಹಗ್ಗ ಎಳೆದು ಚೌಕ ಮಾಡಿ, ಒಳಗಿರುವ ಗಿಡ ಎಣಿಸುವುದು. ನನ್ನದು ನೆಲ್ಲಿ, ಅವನದು ಲಂಟಾನ ಕಳೆ. ತಲಾ ನೂರೈವತ್ತು ಚೌಕ. ದಾರಿ ತೋರಿಸುವ ಸೋಲಿಗರ ಬೆಳ್ಳಯ್ಯ ಜೊತೆಗಿಲ್ಲದೆ ನಾವು ಕಾಡಿಗೆ ಕಾಲಿಡುವಂತಿಲ್ಲ. ಅವರು ಒಂದು ದಿನ ನನ್ನ ಜೊತೆ, ಮರುದಿನ ಅವನ ಜೊತೆ. ಕೊಳ್ಳೇಗಾಲದ ಬಸ್ಸಿಳಿದ ಕೂಡಲೇ ನಾನು ಕೇಳುತ್ತಿದ್ದುದು ಒಂದೇ: "ನಿನ್ನೆ ಅವರದೆಷ್ಟಾಯ್ತು?"

"ಏನೂ ಇಲ್ಲ ಕಣವ್ವ. ಬಿಸ್ಲು ಅಂದ್ರು, ಒಂಟೋದ್ರು."

ಸದ್ಯ! ನಾನೂ ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದೆ. ಎರಡು ವರ್ಷಕ್ಕೆ ನನ್ನದು ಮೂವತ್ತೊಂದು ಚೌಕ.

ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾಲಯದ ಪತ್ರ ಬಂತು. ಮಾರ್ಚಿನೊಳಗೆ ಪ್ರಬಂಧ ಸಲ್ಲಿಸದಿದ್ದರೆ ಇಬ್ಬರ ನೋಂದಣಿಯೂ ರದ್ದು. ಪಿಎಚ್‌ಡಿಗೆ ಸೇರಿದಾಗಿನಿಂದ ಕಳೆದ ಆರು ವರ್ಷ ಮಣ್ಣುಪಾಲು. ಬೆಳ್ಳಯ್ಯನವರ ಮುಂದೆ ಅತ್ತುಬಿಟ್ಟೆ. ಅವರು ಎಲೆಅಡಿಕೆ ಹಾಕಿಕೊಂಡರು.

ಮುಂದಿನ ಸಲ ಕೇಳಿದರೆ, "ಆರು ಮುಗುಸ್ಬುಟ್ರು ಕಣವ್ವ."

ಅಯ್ಯೋ ಪಾಪಿ! ನಾನು ಏಳು ಮಾಡಿದೆ. ಅದರ ಮುಂದಿನ ಸಲ ಅವನದು ಎಂಟು. ನಾನು ಒಂಬತ್ತು. ಬುತ್ತಿ ಹಾಗೇ ಮನೆಗೆ ವಾಪಸ್ಸಾಗತೊಡಗಿತು. ನವೆಂಬರಿಗೆ ನೂರೈವತ್ತೂ ಮುಗಿದವು.

ಕೊನೆಯ ದಿನ ಬೆಟ್ಟದ ಬಸ್‌ಸ್ಟಾಪಿನಲ್ಲಿ ಮಹದೇವಪ್ರಸಾದ್ ತಾನಾಗಿ ಮಾತಾಡಿಸಿದ. "ದಿನಕ್ಕೆ ಹನ್ನೆರಡು ಹೇಗೆ ಮಾಡಿದ್ರಿ? ನಿಮ್ಮ ದೆಸೆಯಿಂದ ನನ್ನ ಮಂಡಿ ಹೋಯ್ತು."

"ಹನ್ನೆರಡಾ? ನಾನು ಒಂಬತ್ತು ದಾಟಿಲ್ಲ. ನಿಮ್ಮದೇ ಹತ್ತು ಅಂದ್ರಲ್ಲ ಬೆಳ್ಳಯ್ಯ?"

"ಏಳು," ಅಂದ.

ಇಬ್ಬರೂ ಸೇರಿ ಬೆಳ್ಳಯ್ಯನವರನ್ನು ಹಿಡಿದೆವು. ಯಾಕೆ ಸುಳ್ಳು ಹೇಳಿದಿರಿ ಅಂದೆ.

"ಎಲ್ಡು ವರ್ಸ ನಿಜಾನೇ ಏಳ್ದೆ ಕಣವ್ವ. ಇಬ್ರೂ ಮನಿಕಂಡ್ರಿ."

ಈಗ ಜನವರಿ. ಬರೆಯುವುದೊಂದು ಬಾಕಿ. ಹತ್ತು ದಿನ ಖಾಲಿ ಪುಟ ನೋಡಿ ನೋಡಿ ಹೆದರಿಕೆ ಹತ್ತಿತು. ಇವತ್ತು ಬೆಳಗ್ಗೆ ಬೆಳ್ಳಯ್ಯನವರಿಗೆ ಫೋನ್ ಮಾಡಿದೆ.

"ಮಹದೇವಪ್ರಸಾದ್ ಎಷ್ಟು ಪುಟ ಬರೆದ್ರಂತೆ?"

ಆ ಕಡೆ ಎಲೆಅಡಿಕೆ ಉಗುಳಿದ ಸದ್ದು. "ನಲ್ವತ್ತು ಕಣವ್ವ."

ಅವರು ಅವನನ್ನು ನೋಡಿ ಎರಡು ತಿಂಗಳಾಗಿದೆ. ಸುಳ್ಳೆಂದು ನನಗೆ ಗೊತ್ತು. ಸಂಜೆಯೊಳಗೆ ಆರು ಪುಟ ಬರೆದೆ.